ಭಾವನ ಬೆರಳು, ಎಂಟು ಹಲ್ಲಿನ ಗೇರು

ಗೇರು, ಆಕ್ಸಲ್ ಸಮೇತ ಪ್ಲಾಸ್ಟಿಕ್ ತುಂಡುಗಳಿಂದ ಜೋಡಿಸಿ, ಮೋಟಾರು ಕೂರಿಸಿದ ಲೆಗೋ ಟೆಕ್ನಿಕ್ ಗಾಡಿ ಕಣ್ಣಿಗೆ ಬಿದ್ದ ಕೂಡಲೇ ನಮ್ಮ ಜನ ಮಾಡುವ ಮೊದಲ ಕೆಲಸ ಚಕ್ರ ಹಿಡಿದು ತಿರುಗಿಸುವುದು. "ಚೆನ್ನಾಗಿದೆ" ಅನ್ನುವುದೂ ಆಮೇಲೆ, "ಎಷ್ಟಾಯ್ತು?" ಅನ್ನುವುದೂ ಆಮೇಲೆ. ಸಂತೆಯಲ್ಲಿ ಬದನೆಕಾಯಿ ಒತ್ತದೆ ಕೊಂಡವರುಂಟೇ?

ಅದರಲ್ಲೂ ಭಾವ. ಈ ಹವ್ಯಾಸ ಇರುವ ಪ್ರತಿ ಮನೆಗೂ ಒಬ್ಬ ಭಾವ ಇದ್ದೇ ಇರುತ್ತಾರೆ. ಭಾನುವಾರದ ಊಟ ಮುಗಿಸಿ, ಕೈಯನ್ನು ಅರ್ಧ ಮಾತ್ರ ಒರೆಸಿಕೊಂಡು ಶೋಕೇಸಿನ ಹತ್ತಿರ ಬರುತ್ತಾರೆ. "ಓಹೋ, ಜೆಸಿಬಿ!" ಮಣ್ಣು ಅಗೆಯುವುದೆಲ್ಲ ನಮ್ಮಲ್ಲಿ ಜೆಸಿಬಿಯೇ. ಅದಕ್ಕೆ ಬೇಜಾರಿಲ್ಲ. ಬೇಜಾರಿರುವುದು ಮುಂದಿನ ಕ್ಷಣಕ್ಕೆ. ಹೆಬ್ಬೆರಳು, ತೋರುಬೆರಳು ಚಕ್ರದ ಮೇಲೆ ಕೂರುತ್ತವೆ. ಒಳಗೆಲ್ಲೋ "ಕಟ್" ಅನ್ನುತ್ತದೆ. ಭಾವ ತಲೆ ಎತ್ತಿ ನೋಡಿ, "ಇದು ಸರಿಯಾಗಿ ತಿರುಗ್ತಿಲ್ವಲ್ಲೋ, ಎಲ್ಲೋ ತಪ್ಪು ಜೋಡಿಸಿದೀಯ" ಅನ್ನುತ್ತಾರೆ.

ಇದನ್ನು ಬರೆಯುವಾಗಲೂ ಮೇಜಿನ ಮೇಲೆ ಬಿಚ್ಚಿದ ಗೇರ್‌ಬಾಕ್ಸ್ ಒಂದು ಬಿದ್ದಿದೆ. ಭಾಷೆ ಕೊಂಚ ಒರಟಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಆ "ಕಟ್" ಏನೆಂದು ತಿಳಿಯಲು ಮೊದಲು ಹಲ್ಲಿನ ಲೆಕ್ಕ ಬೇಕು. ಎರಡು ಗೇರುಗಳ ಹಲ್ಲು ಕೂಡಿ 16ರಿಂದ ಭಾಗಿಸಿ. ಬಂದದ್ದು ಎರಡು ಆಕ್ಸಲ್‌ಗಳ ನಡುವಿನ ದೂರ, ಸ್ಟಡ್ ಲೆಕ್ಕದಲ್ಲಿ. ಸ್ಟಡ್ ಅಂದರೆ ಲೆಗೋ ಇಟ್ಟಿಗೆಯ ಮೇಲಿನ ಗುಬ್ಬಿ; ಲೆಕ್ಕದಲ್ಲಿ ಒಂದು ಸ್ಟಡ್ 8 ಮಿ.ಮೀ. 8 ಹಲ್ಲಿಗೆ 24 ಸೇರಿದರೆ 32, ಅಂದರೆ ಎರಡು ಸ್ಟಡ್. 8ಕ್ಕೆ 40 ಸೇರಿದರೆ ಮೂರು. 16ಕ್ಕೆ 24 ಕೂಡಿಸಲು ಹೋದಿರೋ, ಬರುವುದು ಎರಡೂವರೆ; ಅಲ್ಲಿ ಬೀಮಿಗೆ (ಸಾಲಾಗಿ ತೂತಿರುವ ಪಟ್ಟಿಗೆ) ತೂತೇ ಇಲ್ಲ. ಹೊಸದಾಗಿ ಕಟ್ಟುವವರ ಮೊದಲ ಸಂಜೆ ಹಾಳಾಗುವುದು ಇಲ್ಲೇ.

ಲೆಗೋದ ಹಳೆಯ ಮೋಟಾರು ಸರಣಿ ಪವರ್ ಫಂಕ್ಷನ್ಸ್ ಕಾಲದ ಎಕ್ಸ್‌ಎಲ್ ಮೋಟಾರು ಭಾರವಿಲ್ಲದಾಗ ನಿಮಿಷಕ್ಕೆ ಸುಮಾರು 220 ಸುತ್ತು ಹೊಡೆಯುತ್ತದೆ. ಅಗೆಯುವ ಯಂತ್ರಕ್ಕೆ ಅಷ್ಟು ಅವಸರವಿಲ್ಲ. 8ರಿಂದ 24ಕ್ಕೆ, ಮತ್ತೆ 8ರಿಂದ 24ಕ್ಕೆ ಇಳಿಸಿದರೆ ಒಂಬತ್ತು ಪಟ್ಟು ನಿಧಾನ. ನಿಮಿಷಕ್ಕೆ 24 ಸುತ್ತು, ಘರ್ಷಣೆಯಲ್ಲಿ ಹೋದದ್ದು ಬಿಟ್ಟರೆ ಬಲ ಒಂಬತ್ತರ ಹತ್ತಿರ ಹತ್ತಿರ. ಭಾವ ಬರುವುದು ಇದರ ಹಿಂಬಾಗಿಲಿನಿಂದ. ಅವರು ಚಕ್ರವನ್ನು ಒಂದು ಸುತ್ತು ತಿರುಗಿಸಬೇಕೆಂದರೆ ಮೋಟಾರಿನ ಆಕ್ಸಲ್ ಒಂಬತ್ತು ಸುತ್ತು ಓಡಬೇಕು. ಅದು ಓಡಲು ಒಪ್ಪುವುದಿಲ್ಲ, ಭಾವ ಬಿಡಲು ಒಪ್ಪುವುದಿಲ್ಲ. ನಡುವೆ ಸಿಕ್ಕಿದ ಎಂಟು ಹಲ್ಲಿನ ಗೇರು, ಒಂದೋ ಎರಡೋ ಹಲ್ಲಿನ ಮೇಲೆ ಅಷ್ಟೂ ಭಾರ ಹೊತ್ತು, ಆಕ್ಸಲ್ ಬಾಗಿ, ದೂರ ಕೂದಲೆಳೆಯಷ್ಟು ಹೆಚ್ಚಿ, ಪಕ್ಕದ ಹಲ್ಲಿಗೆ ಜಿಗಿಯುತ್ತದೆ. ಅದೇ "ಕಟ್".

ಹಾಗಾದರೆ ಚೌಕಟ್ಟು ಗಟ್ಟಿ ಮಾಡಿದರಾಯಿತಲ್ಲ ಅನ್ನುತ್ತೀರಿ. ಮಾಡಬಹುದು. ಆಕ್ಸಲ್‌ಗೆ ಗೇರಿನ ಎರಡೂ ಪಕ್ಕ ಆಸರೆ ಇರಬೇಕು. ಒಂದೇ ಪಕ್ಕದ ಬೀಮಿನಿಂದ ನೇತುಬಿದ್ದ ಗೇರು ಜಿಗಿಯದೆ ಇರುವುದಿಲ್ಲ. ಹಳೆಯ ಪದ್ಧತಿಯಲ್ಲಿ ಇಟ್ಟಿಗೆ ಪೇರಿಸಿ ಕಟ್ಟುವುದಾದರೆ, ತೂತಿರುವ ಎರಡು ಇಟ್ಟಿಗೆಗಳ ನಡುವೆ ಎರಡು ಪ್ಲೇಟು, ಅಂದರೆ ತೆಳು ಇಟ್ಟಿಗೆ, ಇಡಿ. ಇಟ್ಟಿಗೆಯ ಎತ್ತರ 9.6, ಪ್ಲೇಟಿನದು 3.2, ತೂತಿನಿಂದ ತೂತಿಗೆ ಸರಿಯಾಗಿ 16 ಮಿ.ಮೀ. ಆಗಿ, ಮೂರು ತೂತಿನ ಬೀಮು ನೆಟ್ಟಗೆ ಬಂದು ಕೂತು ಎರಡನ್ನೂ ಕಚ್ಚಿ ಹಿಡಿಯುತ್ತದೆ. ಇಷ್ಟು ಮಾಡಿದ ಮೇಲೆ ಹಲ್ಲು ಜಿಗಿಯುವುದಿಲ್ಲ. ಆಗ ಆಕ್ಸಲ್ಲೇ ಚಕ್ಕುಲಿಯ ಹಾಗೆ ಹುರಿಗೊಳ್ಳುತ್ತದೆ! ಚೆನ್ನಾಗಿ ಕಟ್ಟಿದಷ್ಟೂ ನಷ್ಟ ಜಾಸ್ತಿ.

ಸ್ಕ್ರೂವಿನ ಹಾಗೆ ಸುರುಳಿ ಹಲ್ಲಿರುವ ವರ್ಮ್ ಗೇರ್ ಇದ್ದ ಕಡೆ ಇದು ಖಚಿತ. ವರ್ಮ್ ಒಂದು ಸುತ್ತು ತಿರುಗಿದರೆ ಎದುರಿನ ಗೇರು ಒಂದೇ ಹಲ್ಲು ಸರಿಯುತ್ತದೆ. ವರ್ಮ್ ಗೇರನ್ನು ತಿರುಗಿಸುತ್ತದೆಯೇ ಹೊರತು ಗೇರು ವರ್ಮನ್ನಲ್ಲ. ಕ್ರೇನಿನ ಕೊಕ್ಕೆ ಮೋಟಾರು ನಿಂತ ಮೇಲೂ ಜಾರದೆ ನಿಲ್ಲುವುದು ಈ ಗುಣದಿಂದಲೇ. ಭಾವನ ಬಲವೆಲ್ಲ ಅಲ್ಲಿ ಆಕ್ಸಲ್ ಹಿಂಡುವುದಕ್ಕೇ ಖರ್ಚು. ಹುರಿಗೊಂಡ ಆಕ್ಸಲ್ ಗೇರಿನ ಪ್ಲಸ್ ಆಕಾರದ ತೂತಿನಿಂದ ಈಚೆಗೂ ಬಾರದು ಆಚೆಗೂ ಹೋಗದು. ಅದನ್ನು ಬದಲಿಸಲು ಮೇಲಿನ ಕ್ಯಾಬಿನ್, ಅದರ ಕೆಳಗಿನ ಬ್ಯಾಟರಿ ಬಾಕ್ಸ್, ವೈರು ಎಲ್ಲ ತೆಗೆಯಬೇಕು. ಕಟ್ಟುವುದಕ್ಕೆ ಪುಸ್ತಕ ಕೊಡುತ್ತಾರೆ, ಬಿಚ್ಚುವುದಕ್ಕೆ ಕೊಡುವುದಿಲ್ಲ. ಪುಸ್ತಕವನ್ನು ಹಿಂದಿನಿಂದ ಮುಂದಕ್ಕೆ ಓದಬೇಕು.

24 ಹಲ್ಲಿನ ಕ್ಲಚ್ ಗೇರ್ ಇರುವುದು ಇಂಥವರಿಗೆಂದೇ. ಒತ್ತಡ ಮೀರಿದರೆ ಜಾರಿಬಿಡುತ್ತದೆ. ಮಿತಿಯನ್ನು ಅದರ ಮೈಮೇಲೇ ಅಚ್ಚು ಹಾಕಿದ್ದಾರೆ, 2.5ರಿಂದ 5 ನ್ಯೂಟನ್ ಸೆಂಟಿಮೀಟರ್. ಆದರೆ ಅದನ್ನು ಎಲ್ಲಿ ಹಾಕುವುದು? ಚಕ್ರದ ಕಡೆ ಹಾಕಿದರೆ ಭಾವನಿಂದ ರಕ್ಷಣೆ ಸಿಗುತ್ತದೆ, ಆದರೆ ಗಾಡಿ ದಿಂಬು ಸಹ ಹತ್ತುವುದಿಲ್ಲ, ಕ್ಲಚ್ಚೇ ಜಾರುತ್ತದೆ. ಮೋಟಾರಿನ ಕಡೆ ಹಾಕಿದರೆ ದಿಂಬು ಹತ್ತುತ್ತದೆ, ಭಾವನ ಮುಂದೆ ಉಪಯೋಗವಿಲ್ಲ.

"ಮುಟ್ಟಬೇಡಿ ಭಾವ" ಅಂದುಬಿಡಬಹುದು, ನಿಜ. ಅಂದು ನೋಡಿ. ಅವರು ಈ ಮನೆಯ ಅಳಿಯ. ಅಡುಗೆಮನೆಯಿಂದ ಅಮ್ಮನ ದನಿ ಬರುತ್ತದೆ: "ಒಂದು ಆಟದ ಸಾಮಾನಿಗೆ ಅಷ್ಟು ಮಾತಾಡ್ತಾರೇನೋ, ನೋಡಿಕೊಳ್ಳಲಿ ಬಿಡು." ಪೆಟ್ಟಿಗೆಯ ಮೇಲೆ 18+ ಎಂದು ಬರೆದದ್ದನ್ನು ತೋರಿಸಿದರೆ ವಿಷಯ ಇನ್ನೂ ಕೆಡುತ್ತದೆ.

ಭಾವ ಅಷ್ಟಕ್ಕೇ ನಿಲ್ಲುವುದಿಲ್ಲ. ರೋಗ ಕಂಡವರು ಔಷಧಿಯನ್ನೂ ಹೇಳಬೇಕಲ್ಲ. "ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಡು, ಬೆಣ್ಣೆ ಹಾಗೆ ತಿರುಗತ್ತೆ." ದಯವಿಟ್ಟು ಬಿಡಬೇಡಿ. ಈ ಪ್ಲಾಸ್ಟಿಕ್ಕು ಒಣಗಿದ್ದಾಗಲೇ ಚೆನ್ನಾಗಿ ಓಡುವುದು. ಎಣ್ಣೆ ಧೂಳು ಹಿಡಿದು ಮಡ್ಡಿಯಾಗುತ್ತದೆ, ಹಿಡಿದಿಟ್ಟುಕೊಳ್ಳಬೇಕಾದ ಪಿನ್ನುಗಳಿಗೂ ಹರಿದು ಅವು ಜಾರುತ್ತವೆ. ಡಿಸೆಂಬರಿನ ಬೆಂಗಳೂರಲ್ಲಿ ಕೊಬ್ಬರಿ ಎಣ್ಣೆ ಗೇರ್‌ಬಾಕ್ಸಿನೊಳಗೇ ಹೆಪ್ಪುಗಟ್ಟಿದರೆ ಆಮೇಲೆ ಗಾಡಿಯನ್ನು ಬಿಸಿಲಿಗೆ ಇಡಬೇಕಾದೀತು, ಹಪ್ಪಳದ ಪಕ್ಕದಲ್ಲಿ.

ಹೊಟ್ಟೆ ಉರಿಯುವುದು ಯಾವಾಗ ಗೊತ್ತೇ? ಹತ್ತರಲ್ಲಿ ಒಂದು ಸಲ ಭಾವನ ಮಾತು ನಿಜವಾದಾಗ. ಬಿಗಿ ಇರುತ್ತದೆ. ಆಕ್ಸಲ್ ಜಾರದಿರಲೆಂದು ಅದಕ್ಕೆ ತೊಡಿಸುವ ಪುಟ್ಟ ಬಳೆಯನ್ನು, ಅಂದರೆ ಬುಷ್ಷನ್ನು, ಬೀಮಿಗೆ ಅದುಮಿ ಕೂರಿಸಿದ್ದರೆ ಅದು ಬ್ರೇಕಿನಂತೆ ಉಜ್ಜುತ್ತದೆ. ಕಾಗದ ತೂರುವಷ್ಟು ಸಂದು ಬಿಡಬೇಕು. ಇಲ್ಲವೇ ತಿರುಗುವ ಕೀಲಿಗೆ ಗೋಧಿ ಬಣ್ಣದ ಆಕ್ಸಲ್ ಪಿನ್ ಹಾಕುವ ಬದಲು ನೀಲಿಯದನ್ನು ಹಾಕಿರುತ್ತೇವೆ. ನೀಲಿಯದು ಹಿಡಿಯುತ್ತದೆ, ಗೋಧಿ ಬಣ್ಣದ್ದು ಸಲೀಸು. ಪ್ರತಿ ಆಕ್ಸಲ್ ಕೂರಿಸಿದ ಮೇಲೆ, ಮೋಟಾರು ಸೇರಿಸುವ ಮೊದಲು, ಬೆರಳಿನಿಂದ ಒಮ್ಮೆ ತಿರುಗಿಸಿ ನೋಡಬೇಕು. ಹೌದು, ಭಾವ ಮಾಡುವ ಕೆಲಸವೇ. ಹೊತ್ತು ಮಾತ್ರ ಬೇರೆ.

ಜೋಳದ ದಂಟಿನ ಬಂಡಿ ನೆನಪಾಗುತ್ತದೆ. ದಂಟಿನ ಸಿಪ್ಪೆ ಸುಲಿದು, ಒಳಗಿನ ಬೆಂಡಿಗೆ ಆ ಸಿಪ್ಪೆಯ ಕಡ್ಡಿಯನ್ನೇ ಚುಚ್ಚಿ, ಎತ್ತು, ನೊಗ, ಗಾಲಿ ಎಲ್ಲ ಅದರಲ್ಲೇ. ಮುರಿದರೆ ಹೊಲದ ತುಂಬ ಬಿಡಿಭಾಗ. ಯಾರು ಬೇಕಾದರೂ ಹಿಡಿದು ತಿರುಗಿಸಬಹುದಿತ್ತು. ಭಾವನೂ ಚಿಕ್ಕವರಿದ್ದಾಗ ಅದನ್ನು ಮಾಡಿದವರೇ ಇರಬೇಕು; ಬೆರಳು ಸುಮ್ಮನೆ ಕೂರದಿರುವುದು ಅದಕ್ಕೇ.

ಆದರೆ 2019ರಲ್ಲಿ ಬಂದ ಲೆಗೋ ಅಗೆಯುವ ಯಂತ್ರ ಲೀಬ್‌ಹೆರ್ ಆರ್ 9800 ದಂಟಿನದಲ್ಲ. 4108 ತುಂಡು, 7 ಮೋಟಾರು, ಮೋಟಾರುಗಳನ್ನು ನಡೆಸುವ ಎರಡು ಬ್ಯಾಟರಿ ಪೆಟ್ಟಿಗೆ (ಹಬ್), ತಲಾ ಆರರಂತೆ 12 ಪೆನ್ಸಿಲ್ ಸೆಲ್ಲು. ಎಲ್ಲ ಹಿಡಿತ ಫೋನಿನ ಆ್ಯಪಿನಲ್ಲಿ. "ಸ್ವಿಚ್ ಎಲ್ಲೋ?" ಎಂದು ಭಾವ ಅದನ್ನು ತಲೆಕೆಳಗು ಮಾಡಿ ಹುಡುಕುವ ದೃಶ್ಯ ಊಹಿಸಿಕೊಂಡರೇ ಆಕ್ಸಲ್ ನಮ್ಮ ಎದೆಯಲ್ಲಿ ಹುರಿಗೊಳ್ಳುತ್ತದೆ.

ಪರಿಹಾರ ಇದೆ. ಮೋಟಾರಿಲ್ಲದ ಕಾರು ಕಟ್ಟುವವರು ಸ್ಟಿಯರಿಂಗಿಗೆ ಜೋಡಿಸಿದ ಒಂದು ಆಕ್ಸಲನ್ನು ಮಾಡಿನಿಂದ ಹೊರಗೆ ತಂದು ತುದಿಗೆ ಗೇರು ಸಿಕ್ಕಿಸುತ್ತಾರೆ. ಮೇಲಿನಿಂದ ತಿರುಗಿಸಿದರೆ ಮುಂಗಾಲಿ ಹೊರಳುತ್ತವೆ. ಅದಕ್ಕೆ ಈ ಹವ್ಯಾಸದವರ ಹೆಸರು ದೇವರ ಕೈ. ಅದೇ ಮಾದರಿಯಲ್ಲಿ ಭಾವನ ಕೈ ಮಾಡಿ. ಹಿಂಬದಿಯ ಸುಳ್ಳು ಎಂಜಿನ್ನಿನಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್ನುಗಳಿರುತ್ತವಲ್ಲ, ಅವುಗಳನ್ನು ಗೇರ್‌ಬಾಕ್ಸಿನಿಂದ ಬಿಡಿಸಿ, ಆ ಆಕ್ಸಲನ್ನು ಹೊರಗೆ ತಂದು, ತುದಿಗೆ 20 ಹಲ್ಲಿನ ಗೇರು ಹಾಕಿ. ಕೆಂಪು ಬಣ್ಣದ್ದೇನಾದರೂ ಪಕ್ಕದಲ್ಲಿಡಿ, ಕಣ್ಣಿಗೆ ಹೊಡೆಯುವಂತಿರಲಿ. ಭಾವ ನೇರ ಅಲ್ಲಿಗೇ ಬರುತ್ತಾರೆ. ತಿರುಗಿಸುತ್ತಾರೆ. ಪಿಸ್ಟನ್ನುಗಳು ಟಪಟಪ ಕುಣಿಯುತ್ತವೆ, ಚಕ್ರ ಅಲುಗುವುದಿಲ್ಲ. ಭಾವ ಹುಬ್ಬೇರಿಸಿ ಅಡುಗೆಮನೆಯತ್ತ ಕೂಗುತ್ತಾರೆ:

"ಅತ್ತೇ, ಒಂದು ತೊಟ್ಟು ಎಣ್ಣೆ ಕೊಡಿ ಇಲ್ಲಿ!"