ಹೆಚ್ಚು ಬೆಲೆ ಹೇಳಿ ಆಮೇಲೆ ಇಳಿಸಿದರೆ ನಷ್ಟವಿಲ್ಲವೇ? ಒಂದು ಸ್ಪಷ್ಟನೆ

ಮನೆ ಮಾರುವವರು ಆರಂಭದಲ್ಲಿ ನಿಜವಾದ ಮೌಲ್ಯಕ್ಕಿಂತ ಬಹಳಷ್ಟು ಹೆಚ್ಚು ಬೆಲೆ ಹೇಳಬೇಕು, ಕೊಳ್ಳುವವರು ಸಿಗದಿದ್ದರೆ ಆಮೇಲೆ ಇಳಿಸಬಹುದು, ಅದರಿಂದ ಕಳೆದುಕೊಳ್ಳುವುದೇನೂ ಇಲ್ಲ ಎಂಬ ಸಲಹೆಯೊಂದು ಹರಿದಾಡುತ್ತಿದೆ. ಚೌಕಾಸಿಗೆ ಅಲ್ಪಸ್ವಲ್ಪ ಅವಕಾಶ ಇಟ್ಟುಕೊಳ್ಳುವುದು ತಪ್ಪಲ್ಲ; ಆದರೆ ನಷ್ಟವೇ ಇಲ್ಲ ಎಂಬ ಮಾತು ಸರಿಯಲ್ಲ.

ಮನೆ ಮಾರಾಟಕ್ಕಿದೆ ಎಂದು ಪ್ರಕಟವಾದ ಮೊದಲ ಕೆಲವು ವಾರಗಳಲ್ಲೇ ಸಾಮಾನ್ಯವಾಗಿ ವಿಚಾರಿಸುವವರು ಹೆಚ್ಚು, ಏಕೆಂದರೆ ಬಹುಕಾಲದಿಂದ ಹುಡುಕುತ್ತಾ ಹಣ ಹೊಂದಿಸಿಕೊಂಡು ಸಿದ್ಧರಾಗಿರುವವರು ಹೊಸದಾಗಿ ಬಂದ ಮನೆಗಳನ್ನೇ ಮೊದಲು ನೋಡುತ್ತಾರೆ. ಅವರಲ್ಲಿ ಅನೇಕರು ಜಾಲತಾಣಗಳಲ್ಲಿ ತಮ್ಮ ಗರಿಷ್ಠ ಮೊತ್ತವನ್ನು ನಮೂದಿಸಿಯೇ ಹುಡುಕುವುದರಿಂದ, ಆ ಮಿತಿಯನ್ನು ಮೀರಿದ ಮನೆ ಅವರ ಕಣ್ಣಿಗೇ ಬೀಳುವುದಿಲ್ಲ. ಬೆಲೆ ಇಳಿಸುವ ವೇಳೆಗೆ ಅವರು ಬೇರೆ ಮನೆ ಕೊಂಡಿರಬಹುದು. ಆಮೇಲೆ ಬಂದವರಂತೂ, ಇಷ್ಟು ದಿನ ಮಾರಾಟವಾಗದ ಮನೆಯಲ್ಲಿ ಏನೋ ದೋಷವಿರಬೇಕೆಂದು ಶಂಕಿಸಿ, ಇಳಿಸಿದ ಬೆಲೆಯಲ್ಲೂ ಮತ್ತೆ ಚೌಕಾಸಿಗಿಳಿಯುತ್ತಾರೆ.

ಇನ್ನೊಂದು ಅಂಶ ಹಲವರ ಗಮನಕ್ಕೆ ಬಂದಂತಿಲ್ಲ. ದುಬಾರಿ ಬೆಲೆಗೆ ಒಪ್ಪುವವರು ಸಿಕ್ಕರೂ, ಅವರು ಸಾಲ ಪಡೆದು ಕೊಳ್ಳುವವರಾದರೆ, ಬ್ಯಾಂಕು ಸಾಮಾನ್ಯವಾಗಿ ಒಪ್ಪಂದದ ಬೆಲೆ ಮತ್ತು ಮೌಲ್ಯಮಾಪಕರು ಅಂದಾಜಿಸಿದ ಮೌಲ್ಯ, ಇವೆರಡರಲ್ಲಿ ಕಡಿಮೆಯದನ್ನೇ ಆಧಾರವಾಗಿಟ್ಟುಕೊಳ್ಳುತ್ತದೆ. ಉಳಿದ ಅಂತರವನ್ನು ಕೈಯಿಂದ ಭರಿಸಲಾಗದೆ ವ್ಯವಹಾರ ಮುರಿದುಬೀಳುವುದುಂಟು. ಅಷ್ಟರಲ್ಲಿ ತೆರಿಗೆ, ನಿರ್ವಹಣೆ, ಹಳೆಯ ಸಾಲವಿದ್ದರೆ ಅದರ ಬಡ್ಡಿ, ಎಲ್ಲವೂ ಮಾರುವವರ ತಲೆಯ ಮೇಲೇ ಇರುತ್ತವೆ.

ಬೆಲೆ ನಿಗದಿಗೆ ಅಕ್ಕಪಕ್ಕದವರು ಹೇಳುತ್ತಿರುವ ಮೊತ್ತ ಆಧಾರವಾಗದು. ಅದೇ ಪ್ರದೇಶದಲ್ಲಿ, ಹೆಚ್ಚುಕಡಿಮೆ ಅಷ್ಟೇ ವಿಸ್ತೀರ್ಣದ, ಅಷ್ಟೇ ಹಳೆಯ ಮನೆಗಳು ಇತ್ತೀಚೆಗೆ ವಾಸ್ತವವಾಗಿ ಎಷ್ಟಕ್ಕೆ ಮಾರಾಟವಾದವು ಎಂಬುದನ್ನು ನೋಡಬೇಕು.