ಕಲಿಸುವವನಿಗೆ ಬೆನ್ನುನೋವು ಇರಬಾರದೇ?

ಶಿರಸಿ ಸೀಮೆಯ ನಮ್ಮ ಮನೆಯಲ್ಲಿ ಅಣ್ಣನ ಮಗನ ಉಪನಯನ. ಊಟಕ್ಕೆ ಹಂತಿ ಹಾಕುವ ಹೊತ್ತಿಗೆ ಅತ್ತೆ ಚಪ್ಪರದ ಆಚೆ ತುದಿಯಿಂದ ಕೂಗಿದಳು: "ತಮಂಗೆ ಟೇಬಲ್ ಮೇಲೆ ಬಾಳೆ ಹಾಕ್ರೋ!" ಐವತ್ತು ತುಂಬುವ ಮೊದಲೇ ನನಗೆ ಎಂಬತ್ತು ದಾಟಿದವರ ಸಾಲಿಗೆ ಬಡ್ತಿ. ಅದು ರೂಢಿಯಾಗಿದೆ, ಬಿಡಿ. ಚುಚ್ಚಿದ್ದು ಆಮೇಲಿನದು. ಭಾನುವಾರ ಹೊತ್ತು ಹೇಗೆ ಹೋಗುತ್ತದೆ ಎಂದು ಯಾರೋ ಕೇಳಿದರು. ಪುಣೆಯ ನಮ್ಮ ಸೊಸೈಟಿಯ ಹಾಲ್‌ನಲ್ಲಿ ಸಂಧಿವಾತ, ಪಾರ್ಕಿನ್ಸನ್ ಇರುವವರಿಗೆ ಕುರ್ಚಿಯಲ್ಲಿ ಕೂತು ಮಾಡುವ ವ್ಯಾಯಾಮ ಹೇಳಿಕೊಡುತ್ತೇನೆ ಎಂದೆ. ಸಾಲಿಗೆ ಸಾಲೇ ನಕ್ಕಿತು. "ನಿಂಗೇ ಆರಾಮಿಲ್ಲೆ, ಬೇರೆಯವಕ್ಕೆ ಎಂತ ಕಲಿಸ್ತ್ಯ ತಮಾ?"

ನನಗಿರುವುದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಬೆನ್ನುಮೂಳೆಯ ಕೀಲುಗಳಲ್ಲಿ ಉರಿಯೂತ. ಕೆಲವರಿಗೆ ವರ್ಷ ಕಳೆದಂತೆ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಈ ಕಾಯಿಲೆಯ ವಿಚಿತ್ರವೆಂದರೆ, ಮಲಗಿದಷ್ಟೂ ನೋವು ಹೆಚ್ಚು, ಮೈ ಆಡಿಸಿದಷ್ಟೂ ಹಗುರ. ಬೆಳಗಿನ ಜಾವ ಗಡಿಯಾರಕ್ಕಿಂತ ಮೊದಲು ಬೆನ್ನೇ ಎಬ್ಬಿಸುತ್ತದೆ. ಊರಲ್ಲಿ ಸಿಗುವ ಉಪಚಾರ ಇದಕ್ಕೆ ನೇರ ತಿರುಗುಮುರುಗು. ಎದ್ದರೆ "ಕೂತ್ಕ", ಕೂತರೆ "ಮಲಗು", ಮಲಗಿದರೆ ಒಂದು ಲೋಟ ಕಷಾಯ. ಪ್ರೀತಿಯೇ ಅದು, ಅನುಮಾನವಿಲ್ಲ. ಆದರೆ ಆ ಪ್ರೀತಿಯಲ್ಲಿ ನಾಲ್ಕು ದಿನ ಕಳೆದರೆ ಕುತ್ತಿಗೆ ತಿರುಗುವುದಿಲ್ಲ.

ಪುಣೆಯಲ್ಲಿ ಆದದ್ದೇ ಬೇರೆ. ತರಗತಿ ಶುರುವಾದ ಹೊಸತರಲ್ಲಿ ಒಂದು ಭಾನುವಾರ ನೋವು ಏರಿತ್ತು, ನಿಲ್ಲಲು ಆಗುತ್ತಿರಲಿಲ್ಲ. ಇವತ್ತು ನಾನೂ ಕೂತೇ ಮಾಡುತ್ತೇನೆ, ಕೈ ಹೆಗಲಿನವರೆಗೆ ಮಾತ್ರ ಏಳುತ್ತದೆ ಎಂದು ಹೇಳಿಬಿಟ್ಟೆ. ಯಾರೂ ಎದ್ದು ಹೋಗಲಿಲ್ಲ. ಮುಂದಿನ ಸಾಲಿನ ಒಬ್ಬ ಆಜಿ, ಆವರೆಗೆ ಹಲ್ಲು ಕಚ್ಚಿ ತೋಳು ಎತ್ತುತ್ತಿದ್ದವರು, ನಿಟ್ಟುಸಿರು ಬಿಟ್ಟು ತೋಳು ಇಳಿಸಿದರು. ಮರುವಾರ ಇಬ್ಬರು ಹೊಸಬರನ್ನು ಕರೆತಂದರು. "ಇವರಿಗೂ ನೋಯುತ್ತದಂತೆ" ಎಂಬುದೇ ನನ್ನ ಬಗ್ಗೆ ಅವರು ಮಾಡಿದ ಪ್ರಚಾರ.

ನಮ್ಮ ಕಡೆ ಕಲಿಸುವವನೆಂದರೆ ಇನ್ನೂ ಸೀಟಿ ಊದುವ ಪಿ.ಟಿ. ಮಾಸ್ತರು. ಎದೆ ಸೆಟೆದಿರಬೇಕು, ಶೀತವೂ ಆಗಿರಬಾರದು. ಅತ್ತೆಗೆ ಬಿ.ಕೆ.ಎಸ್. ಅಯ್ಯಂಗಾರರ ಕಥೆ ಹೇಳಿ ನೋಡಿದೆ. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದವರು; ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಹಾದುಹೋದ ನರಪೇತಲ ಹುಡುಗ. 1937ರಲ್ಲಿ ಇದೇ ಪುಣೆಗೆ ಯೋಗ ಕಲಿಸಲು ಬಂದರು. ಕುರ್ಚಿ, ಹಗ್ಗ, ಬೆಲ್ಟು, ದಿಂಬು ಇಟ್ಟುಕೊಂಡು, ಮೈ ಬಗ್ಗದವರೂ ಆಸನ ಮಾಡುವ ಹಾಗೆ ಮಾಡಿದವರು. "ಅವರು ಗುಣ ಆದ್ರಲ" ಎಂದಳು ಅತ್ತೆ. ಹೌದು. ನಾನು ಗುಣವಾಗುವವನಲ್ಲ, ಜಗಳ ಇರುವುದೇ ಅಲ್ಲಿ. ಗುಣವಾದ ಮೇಲೆ ಮಾತಾಡು ಎನ್ನುತ್ತದೆ ಊರು; ಗುಣವಾಗದ ಕಾಯಿಲೆಯವನು ಹಾಗಾದರೆ ಯಾವತ್ತು ಬಾಯಿ ತೆರೆಯಬೇಕು?

ಸಿಟ್ಟಿಗೆ ಇನ್ನೊಂದು ಕಾರಣವಿದೆ. ಎಂಬತ್ತರ ಆಸುಪಾಸಿನಲ್ಲೂ ಯಕ್ಷಗಾನದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ರಂಗಕ್ಕೆ ಬಂದರೆ ಶಿಳ್ಳೆ ಹೊಡೆದ ಜನ ನಾವು. 2012ರಲ್ಲಿ ಪದ್ಮಶ್ರೀ ಬಂದಾಗ ಇಡೀ ಜಿಲ್ಲೆ ಹಿಗ್ಗಿತು. ಆ ವಯಸ್ಸಿನಲ್ಲಿ ಕುಣಿಯಬೇಡಿ ಎಂದು ಅವರಿಗೆ ಯಾರಾದರೂ ಹೇಳಿದ್ದರೆ ಹೊಡೆದಾಟವೇ ಆಗುತ್ತಿತ್ತು. ಅದೇ ಜನ ಮಂಡಿ ನೋಯುವ ಅತ್ತಿಗೆಗೆ ಮೆಟ್ಟಿಲು ಇಳಿಯಬೇಡ ಎನ್ನುತ್ತಾರೆ.

ನಾನೇನೂ ಮಂಡಿ ಹಾಕಿ ಕುಣಿಸುವುದಿಲ್ಲ. ಕಾಲಬೆರಳು ಒತ್ತಿ ಹಿಮ್ಮಡಿ ಎತ್ತುವುದು, ಕುರ್ಚಿ ಹಿಡಿದು ಎದ್ದು ಕೂರುವುದು, ಪಕ್ಕೆಲುಬು ಅರಳುವ ಹಾಗೆ ಉಸಿರೆಳೆಯುವುದು. ಈ ಉಸಿರೆಳೆಯುವುದು ನನ್ನ ಕಾಯಿಲೆಯವರಿಗೆ ಮುಖ್ಯ, ನಮಗೆ ಎದೆಗೂಡೂ ಬಿಗಿಯುತ್ತದೆ. ಮಾಡುವಾಗ ಮಾತಾಡಲು ಬರಬೇಕು. ಮುಗಿದು ಎರಡು ತಾಸಾದ ಮೇಲೂ ಮೊದಲಿಗಿಂತ ಹೆಚ್ಚು ನೋಯುತ್ತಿದ್ದರೆ ಮುಂದಿನ ಸಲ ಕಡಿಮೆ. ಕಷ್ಟ ಕೊಡುವುದು ಕೆಟ್ಟ ದಿನವಲ್ಲ, ಒಳ್ಳೆಯ ದಿನ: ನೋವಿಲ್ಲ ಎಂಬ ಖುಷಿಗೆ ಮನೆಯೆಲ್ಲ ಗುಡಿಸಿ ಮೂರು ದಿನ ಹಾಸಿಗೆ ಹಿಡಿಯುವವರೇ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೀರ್ಘಕಾಲದ ಕಾಯಿಲೆಯವರಿಗೂ ಆದಷ್ಟು ಮಟ್ಟಿಗೆ ವಾರಕ್ಕೆ 150 ನಿಮಿಷ ಮೈ ಆಡಿಸಿ ಎಂದಿತು. ಆಗದಿದ್ದರೆ ಆದಷ್ಟೇ ಸರಿ, ಏನೂ ಇಲ್ಲದ್ದಕ್ಕಿಂತ ಅದೇ ಮೇಲು ಎಂದೂ ಅದೇ ಹೇಳಿದೆ. ಊರಲ್ಲಿ ಇದನ್ನು ಓದಿ ಹೇಳಿದರೆ "ತೋಟಕ್ಕೆ ಹೋಗಿಬಂದ್ರೆ ಆತಪ್ಪ" ಎನ್ನುತ್ತಾರೆ.

ಆ ಮಾತು ಸುಳ್ಳಲ್ಲ, ಒಪ್ಪಬೇಕು. ನೆಲದ ಮೇಲೆ ಕೂತು ಏಳುವುದು, ಅಡಿಕೆ ಹೆಕ್ಕುವುದು, ಧರೆಯ ದಿಬ್ಬ ಹತ್ತಿಳಿಯುವುದು ಎಲ್ಲ ಅಲ್ಲಿ ಬದುಕಿನಲ್ಲೇ ಇದೆ. ನಮ್ಮ ಸೊಸೈಟಿಯವರು ಒಂದನೇ ಮಹಡಿಗೂ ಲಿಫ್ಟ್ ಹತ್ತುತ್ತಾರೆ. ನನ್ನ ಡಾಕ್ಟರು ರಿಕ್ಷಾದ ದೂರದಲ್ಲಿದ್ದಾರೆ. ಉತ್ತರ ಕನ್ನಡದವರು ದೊಡ್ಡ ಆಸ್ಪತ್ರೆ ಬೇಕೆಂದು 2022ರಲ್ಲಿ ಬೀದಿಗಿಳಿದದ್ದು ಸುಮ್ಮನೆ ಅಲ್ಲ. ಇವತ್ತಿಗೂ ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಬಸ್ಸು ಹತ್ತಬೇಕು. ಕಾಯಿಲೆಗೆ ಸರಿಯಾದ ಹೆಸರೇ ಸಿಗದವರಿಗೆ ಯಾವ ವ್ಯಾಯಾಮ ಎಂದು ಹೇಳುವುದು? ನೋವಾದರೆ ಮಲಗು ಎಂಬ ಬುದ್ಧಿ ಅಲ್ಲಿಂದಲೂ ಬಂದಿರಬಹುದು.

ಇನ್ನೊಂದನ್ನು ಹೇಳಲು ಮನಸ್ಸಿಲ್ಲ, ಆದರೂ ಹೇಳುತ್ತೇನೆ. ತರಗತಿಗೆ ತಪ್ಪದೆ ಬರುತ್ತಿದ್ದ ಒಬ್ಬ ಕಾಕಾ ಕೆಲವು ವಾರ ಕಾಣಲಿಲ್ಲ. ಆಸ್ಪತ್ರೆ ಸೇರಿದ್ದಾರೆಂದು ಕೊನೆಗೆ ತಿಳಿಸಿದ್ದು ವಾಚ್‌ಮನ್. ಪಕ್ಕದ ಕುರ್ಚಿಯವರಿಗೇ ಗೊತ್ತಿರಲಿಲ್ಲ, ನನಗೂ. ಈಗ ಹಾಜರಿ ಪುಸ್ತಕ ಇಟ್ಟಿದ್ದೇವೆ. ಸತತ ಎರಡು ಭಾನುವಾರ ಬಾರದವರ ಮನೆಗೆ ಒಬ್ಬರು ಹೋಗಿಬರಲೇಬೇಕು, ಸರದಿಯ ಪ್ರಕಾರ. ನಮ್ಮೂರಲ್ಲಾಗಿದ್ದರೆ ಎರಡನೇ ದಿನಕ್ಕೇ ಯಾರಾದರೂ ಜಗಲಿ ಹತ್ತಿರುತ್ತಿದ್ದರು, ಸರದಿ ಗಿರದಿ ಇಲ್ಲದೆ.