ಹುಂಡಿಯಿಲ್ಲದ ಗುಡಿಗೆ ಮುಜರಾಯಿ

ಹೊಸ ಕಾನ್ಫಿಗರೇಶನ್ ಭಾಷೆಯೊಂದು ಹುಟ್ಟಿದರೆ ಅದು ಚೆನ್ನಾಗಿದೆಯೇ ಎಂದು ಈಗ ಯಾರೂ ಕೇಳುವುದಿಲ್ಲ. ಮುಕ್ತ ತಂತ್ರಾಂಶಗಳನ್ನು ನೋಡಿಕೊಳ್ಳುವ ಯಾವ ಫೌಂಡೇಶನ್ನಿಗೆ ಸೇರುತ್ತದೆ ಎಂದು ಕೇಳುತ್ತಾರೆ. ಸರ್ವರ್‌ಗಳು ಎಷ್ಟು ಓಡಬೇಕು, ಯಾವ ಪೋರ್ಟಿನಲ್ಲಿ ಕಿವಿ ತೆರೆದು ಕೂರಬೇಕು ಎಂದು ಬರೆದಿಡುವುದಷ್ಟೇ ಇಂಥ ಭಾಷೆಯ ಕೆಲಸ. ಅಷ್ಟು ಮಾಡಲು ಅದಕ್ಕೊಂದು ಆಡಳಿತ ಮಂಡಳಿ ಬೇಕಂತೆ.

ಕ್ಯೂ, ಜೆಸಾನೆಟ್, ಡಾಲ್, ಕೆಸಿಎಲ್, 2024ರಲ್ಲಿ ಆ್ಯಪಲ್ ಹೊರಬಿಟ್ಟ ಪಿಕಲ್, ಎಲ್ಲವೂ ಅವತಾರ ಎತ್ತಿದ್ದು ನಮ್ಮನ್ನು ಇದೇ ಕೆಲಸದ ಹಳೆಯ ಬರಹರೂಪವಾದ ಯಾಮಲ್‌ನಿಂದ ಪಾರುಮಾಡಲು. ಕಾರಣ ಇಲ್ಲದಿಲ್ಲ. ಯಾಮಲ್‌ನ 1.1 ಆವೃತ್ತಿಗೆ ನಾರ್ವೆಯ ಸಂಕೇತವಾದ ಎನ್ಓ ಅಕ್ಷರಗಳನ್ನು ಕೊಟ್ಟರೆ ಅದು 'ಸುಳ್ಳು' ಎಂದು ಓದಿಕೊಳ್ಳುತ್ತದೆ. ಇಡೀ ದೇಶವೇ ಸುಳ್ಳು. ನಮ್ಮ ಪುಣ್ಯ, ಕರ್ನಾಟಕದ್ದು ಕೆಎ. 22:22 ಎಂದು ಬರೆದರೆ ಅರವತ್ತರ ಲೆಕ್ಕ ಹಾಕಿ 1342 ಎನ್ನುತ್ತದೆ. 2009ರಲ್ಲಿ ಬಂದ 1.2 ಆವೃತ್ತಿ ಇದನ್ನೆಲ್ಲ ತಿದ್ದಿತು. ಎಷ್ಟೋ ಲೈಬ್ರರಿಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಆದರೆ ನಮ್ಮ ಉದ್ಧಾರಕರಾದರೂ ಏನು ಮಾಡುತ್ತಾರೆ? ಅವರ ಭಾಷೆಯಲ್ಲಿ ಬೆವರು ಸುರಿಸಿ ಬರೆದದ್ದು ಸರ್ವರ್‌ಗಳಲ್ಲಿ ತಂತ್ರಾಂಶ ಓಡಿಸುವ ಕುಬರ್ನೆಟೀಸ್‌ಗೆ ಹೋಗುವಾಗ ಸಾಮಾನ್ಯವಾಗಿ ಯಾಮಲ್ ಆಗಿಯೇ ಹೊರಬೀಳುತ್ತದೆ.

ಫೌಂಡೇಶನ್ ಸೇರುವುದೆಂದರೆ ಗುಡಿಯನ್ನು ಮುಜರಾಯಿಗೆ ಒಪ್ಪಿಸಿದಂತೆ. ಹೆಸರು, ಲಾಂಛನ, ಡೊಮೈನ್ ಎಲ್ಲವೂ ಇಲಾಖೆಯ ಸ್ವತ್ತು. ನಿತ್ಯಪೂಜೆ ಹಳೆಯ ಅರ್ಚಕರದ್ದೇ. ಅವರ ಸಂಬಳ ಬಹುಪಾಲು ಹಳೆಯ ಕಂಪನಿಯಿಂದಲೇ ಬರುತ್ತಿರುತ್ತದೆ. ಆದರೂ ಆಡಳಿತ ಇನ್ನು ಮುಂದೆ 'ತಟಸ್ಥ' ಎಂದು ಬೋರ್ಡು ಬೀಳುತ್ತದೆ.

ಕಂಪನಿ ನಡುದಾರಿಯಲ್ಲಿ ಕೈಕೊಟ್ಟೀತೆಂಬ ಭಯ ಮಾತ್ರ ಸುಳ್ಳಲ್ಲ. ಸರ್ವರ್‌ಗಳನ್ನು ಬರಹದಿಂದಲೇ ಕಟ್ಟಿ ನಿಲ್ಲಿಸುವ, ವರ್ಷಗಟ್ಟಲೆ ಮುಕ್ತವಾಗಿದ್ದ ಟೆರಾಫಾರ್ಮ್‌ನ ಪರವಾನಗಿಯನ್ನು ಹ್ಯಾಶಿಕಾರ್ಪ್ 2023ರ ಆಗಸ್ಟ್ 10ರಂದು ಬದಲಿಸಿ, ತನ್ನೊಡನೆ ಪೈಪೋಟಿಗಿಳಿಯುವವರಿಗೆ ಬಾಗಿಲು ಹಾಕಿತು. ಅದರಿಂದ ಕವಲೊಡೆದ ಓಪನ್‌ಟೋಫು ಮರುತಿಂಗಳೇ ಲಿನಕ್ಸ್ ಫೌಂಡೇಶನ್ನಿನ ಆಸರೆ ಹಿಡಿಯಿತು. ಅಂದಿನಿಂದ ಒಂದೇ ಕಂಪನಿಯ ಕೈಯಲ್ಲಿರುವ ಯಾವ ಭಾಷೆಯನ್ನು ಕಂಡರೂ ಜನಕ್ಕೆ ಗುಮಾನಿ. ಆ್ಯಂಟ್ ಗ್ರೂಪಿನಲ್ಲಿ ಹುಟ್ಟಿದ ಕೆಸಿಎಲ್ ಅದೇ ವರ್ಷ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್, ಅಂದರೆ ಸಿಎನ್‌ಸಿಎಫ್‌ನ ಮೊದಲ ಮೆಟ್ಟಿಲಾದ ಸ್ಯಾಂಡ್‌ಬಾಕ್ಸ್ ಹತ್ತಿತು.

ಹತ್ತಿದರೆ ಮುಗಿಯಿತೇ? ನ್ಯಾಟ್ಸ್ ಎಂಬ ಸಂದೇಶ ವ್ಯವಸ್ಥೆ 2018ರಲ್ಲೇ ಸಿಎನ್‌ಸಿಎಫ್ ಸೇರಿತ್ತು. ಟ್ರೇಡ್‌ಮಾರ್ಕ್ ಮಾತ್ರ ಅದನ್ನು ಒಪ್ಪಿಸಿದ ಸಿನಾಡಿಯಾ ಕಂಪನಿಯ ಪೆಟ್ಟಿಗೆಯಲ್ಲೇ ಉಳಿದಿತ್ತು. 2025ರ ಏಪ್ರಿಲ್‌ನಲ್ಲಿ ಕಂಪನಿ ಡೊಮೈನ್ ಮತ್ತು ಕೋಡ್ ಇಟ್ಟಿರುವ ರೆಪೊಸಿಟರಿ ವಾಪಸ್ ಕೊಡಿ ಎಂದು ಕೂತಾಗಲೇ ಎಲ್ಲರಿಗೂ ಪತ್ರಗಳ ನೆನಪಾದದ್ದು. ಮೇ ಹುಟ್ಟುತ್ತಲೇ ರಾಜಿಯಾಗಿ, ಟ್ರೇಡ್‌ಮಾರ್ಕನ್ನು ಸಿಎನ್‌ಸಿಎಫ್‌ನ ಮಾತೃಸಂಸ್ಥೆಯಾದ ಲಿನಕ್ಸ್ ಫೌಂಡೇಶನ್ನಿಗೆ ಬರೆದುಕೊಡಲು ಸಿನಾಡಿಯಾ ಒಪ್ಪಿತು. ಏಳು ವರ್ಷ ದೇವರು ಒಂದು ಕಡೆ, ಹಕ್ಕುಪತ್ರ ಇನ್ನೊಂದು ಕಡೆ.

ಹಾಗಾದರೆ ಸೇರಬೇಕೋ ಬೇಡವೋ? ಕದಿಯಲು ಏನಾದರೂ ಇದ್ದರೆ ಸೇರಲಿ. ಟೆರಾಫಾರ್ಮ್‌ಗೆ ಲಕ್ಷಾಂತರ ಭಕ್ತರಿದ್ದರು, ಆದ್ದರಿಂದ ಜಗಳಕ್ಕೊಂದು ಬೆಲೆಯಿತ್ತು. ಬೆರಳೆಣಿಕೆಯ ಬಳಕೆದಾರರ ಭಾಷೆಗೆ ಮೊದಲು ಬೇಕಾದದ್ದು ಅರ್ಥವಾಗುವ ದೋಷಸಂದೇಶ. ಅದನ್ನು ಯಾವ ಮಂಡಳಿಯೂ ಮತ ಹಾಕಿ ಮಂಜೂರು ಮಾಡುವುದಿಲ್ಲ.

ಆದರೂ ಅರ್ಜಿ ಹಾಕಿಯೇ ತೀರುತ್ತೇವೆ ಎನ್ನುವವರು ಸಿಎನ್‌ಸಿಎಫ್ ಸ್ಯಾಂಡ್‌ಬಾಕ್ಸಿನ ಅರ್ಜಿ ನಮೂನೆಯನ್ನು ಒಮ್ಮೆ ನೋಡಬೇಕು. ಮುನ್ನೋಟ ಎಲ್ಲಿ, ನೀತಿಸಂಹಿತೆ ಎಲ್ಲಿ, ನಿರ್ವಾಹಕರ ಪಟ್ಟಿ ಎಲ್ಲಿ, ನಮ್ಮಲ್ಲಿಗೇ ಏಕೆ ಬಂದಿರಿ, ನಿಮ್ಮಂಥದೇ ಬೇರೆ ಯೋಜನೆಗಳು ಯಾವುವು ಎಂದೆಲ್ಲ ಕೇಳುತ್ತದೆ. ಯಾಮಲ್‌ನಿಂದ ಜಗತ್ತನ್ನು ಬಿಡಿಸುವ ಸಂಕಲ್ಪವನ್ನು ಅಲ್ಲಿ ವಿಸ್ತಾರವಾಗಿ ತುಂಬಬಹುದು, ಜಾಗ ಧಾರಾಳವಾಗಿದೆ. ಆ ನಮೂನೆಯನ್ನು ಬರೆದಿರುವುದು ಯಾಮಲ್‌ನಲ್ಲಿ.